ತಮ್ಮನ ಹೇಳಿಕೆ

“ನೀವು ಅಲ್ಲಿ ನಿಲ್ಲೋ ಹಾಗಿಲ್ಲಮ್ಮ” ಎಂದು ಕೋರ್ಟಿನ ಗುಮಾಸ್ತ ಹೇಳುವಷ್ಟರಲ್ಲಿ ಅವಳು ಕಟಕಟೆಯ ಪಕ್ಕ, ತಮ್ಮನ ಎಡಗಡೆಗೆ ಹೋಗಿ ನಿಂತಾಗಿತ್ತು. ಬೇಕೆಂದು ಹೋದದ್ದಲ್ಲ. ತಮ್ಮ ಎದ್ದರೆ ತಾನೂ ಏಳುವುದು, ಅವನು ಯಾರೆದುರಿಗೆ ನಿಂತರೂ ಅವನ ಎಡಕ್ಕೆ ಅರ್ಧ ಹೆಜ್ಜೆ ಮುಂದೆ ತಾನು ನಿಲ್ಲುವುದು ಅವಳ ಮೈಗೆ ಹತ್ತಿಹೋದ ಅಭ್ಯಾಸ. ಹಲ್ಲಿನ ಡಾಕ್ಟರ ಎದುರು, ಬ್ಯಾಂಕಿನ ಕಿಟಕಿಯ ಎದುರು, ಕೊನೆಗೆ ಕ್ಷೌರದಂಗಡಿಯ ಕನ್ನಡಿಯ ಎದುರಿಗೂ ಹಾಗೆಯೇ ನಿಂತಿದ್ದಳು. ನ್ಯಾಯಾಧೀಶರು ತಲೆ ಎತ್ತಿ, “ಅರ್ಜಿ ಹಾಕಿದೋರೇ ಎದುರುಗಾರರ ಮಾತನ್ನ ನಮಗೆ ಹೇಳೋದು ಸರಿಹೋಗಲ್ಲ. ಅದಕ್ಕೇ ದುಭಾಷಿಯನ್ನ ಕರೆಸಿದೀವಿ. ನೀವು ಕೂತ್ಕೊಳ್ಳಿ” ಎಂದರು. ಗದರಿದ ದನಿಯಲ್ಲ. ಆದರೂ ವಾಪಸು ಬೆಂಚಿಗೆ ನಡೆಯುವಾಗ ತನ್ನ ಚಪ್ಪಲಿಯ ಸದ್ದು ಇಡೀ ಕೋಣೆಗೆ ಕೇಳಿಸುತ್ತಿದೆ ಅನ್ನಿಸಿತು. ಬೆಂಚಿನಲ್ಲಿ ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಮೇಲೆ ಇಟ್ಟುಕೊಂಡಳು.

ಅರ್ಜಿ ಅವಳದೇ. ಹುಟ್ಟಿನಿಂದ ಕಿವಿ ಕೇಳದ ತಮ್ಮನಿಗೆ ತನ್ನನ್ನು ಪೋಷಕಳನ್ನಾಗಿ ನೇಮಿಸಬೇಕು, ಅವನ ಸಹಿಯ ಜೊತೆಗೆ ತನ್ನ ಸಹಿಯಿಲ್ಲದೆ ಯಾವ ಕರಾರೂ ಊರ್ಜಿತವಾಗಬಾರದು ಎಂದು. ಇಷ್ಟು ದಿನ ಅದನ್ನೆಲ್ಲ ಅಮ್ಮ ನೋಡಿಕೊಳ್ಳುತ್ತಿದ್ದಳು, ಯಾವ ಕಾಗದವೂ ಇಲ್ಲದೆ, ಅಮ್ಮ ಎನ್ನುವ ಒಂದೇ ಅಧಿಕಾರದಿಂದ. ಹೋದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ತಮ್ಮ ಊಟದ ತಟ್ಟೆಯ ಮುಂದೆ ಕೂತು ಸನ್ನೆ ಮಾಡಿದ್ದ: ಮನೆ, ನಾನು, ಬೇರೆ. ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿನ ಅಳತೆಗೆ ತರುವವನು. ಹೊರಗೆ ಗಿರಾಕಿಗಳ ಜೊತೆ ಮಾತಾಡುವುದು ಬೇರೆಯವರ ಕೆಲಸ. ಇವನು ಬಾಡಿಗೆ ಮನೆ ಹಿಡಿಯುವುದೆಂದರೇನು? ಯಾರೋ ಏನೋ ಹೇಳಿ ಸಹಿ ಹಾಕಿಸಿಕೊಂಡರೆ? ಗ್ಯಾಸಿನ ವಾಸನೆ ಬಂದು ಪಕ್ಕದ ಮನೆಯವರು ಬಾಗಿಲು ಬಡಿದರೆ ಕೇಳಿಸುವುದು ಹೇಗೆ? ಅವಳು ವಕೀಲನ ಬಳಿ ಹೋದಳು. ಅವನು ಬರೆದು ತಂದ ಅರ್ಜಿಯಲ್ಲಿ ‘ತನ್ನ ಹಿತಾಹಿತವನ್ನು ತಾನೇ ಅರಿಯುವ ಶಕ್ತಿಯಿಲ್ಲದವನು’ ಎಂಬ ಸಾಲಿತ್ತು. ಓದಿ ಒಂದು ಕ್ಷಣ ತಡೆದಳು. “ಅದು ಬರೀ ಕಾನೂನಿನ ಭಾಷೆ ಮೇಡಂ, ಮನಸ್ಸಿಗೆ ಹಚ್ಕೋಬೇಡಿ” ಎಂದ. ಅವಳು ಹಚ್ಚಿಕೊಳ್ಳಲಿಲ್ಲ. ಕೋರ್ಟಿನ ನೋಟೀಸು ಮನೆಗೆ ಬಂದ ದಿನ ತಮ್ಮನಿಗೆ ‘ಒಳ್ಳೆಯದು, ನಿನಗೆ’ ಎಂದು ಸನ್ನೆ ಮಾಡಿ ಹೇಳಿ ಒಲೆಯ ಕಡೆ ತಿರುಗಿದ್ದಳು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ತನ್ನ ಕಿವುಡ ಗೆಳೆಯರ ಸಂಘಕ್ಕೆ ಹೋದ. ಮುಂದಿನ ವಾರ ಅವನ ಕಡೆಯಿಂದಲೂ ಒಬ್ಬ ವಕೀಲರು ಹಾಜರಾದರು. ಈ ದಿನ ಬೆಳಿಗ್ಗೆ ಇಬ್ಬರೂ ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದಿದ್ದರು. ಕಿಟಕಿ ಪಕ್ಕದ ಸೀಟನ್ನು ಅವನು ಎಂದಿನಂತೆ ಅವಳಿಗೇ ಬಿಟ್ಟುಕೊಟ್ಟಿದ್ದ.

ಕೋಣೆಯನ್ನು ಅಣಿಮಾಡುವುದಕ್ಕೇ ಬಹಳ ಹೊತ್ತು ಹಿಡಿಯಿತು. ದುಭಾಷಿ ಗಾಢ ಬಣ್ಣದ, ಒಂದು ಹೂವೂ ಇಲ್ಲದ ಉಡುಪು ತೊಟ್ಟ ತರುಣಿ; ಕೈಗಳು ಎದ್ದು ಕಾಣಲಿ ಎಂದು ಹಾಗಂತೆ. ಅವಳು ನ್ಯಾಯಾಧೀಶರ ಮೇಜಿನ ಪಕ್ಕದಲ್ಲಿ ನಿಂತು ನೋಡಿ, “ನನ್ನ ಬೆನ್ನ ಹಿಂದೆ ಕಿಟಕಿ ಇದೆ ಸ್ವಾಮಿ, ಬೆಳಕಿಗೆ ನನ್ನ ಮುಖ ಅವರಿಗೆ ಕಪ್ಪಾಗಿ ಕಾಣತ್ತೆ” ಎಂದಳು. ಪರದೆ ಎಳೆಯಲು ಹೋದರೆ ಅದರ ಕೊಂಡಿ ಸಿಕ್ಕಿಕೊಂಡಿತ್ತು. ಜವಾನ ಸ್ಟೂಲು ತಂದ. ವಕೀಲ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಸುಮ್ಮನೆ ಕಾದರು. ಮುಂದಿನ ಬೆಂಚಿನಲ್ಲಿ ತಮ್ಮನ ಸಂಘದ ಗೆಳೆಯರು ಸಾಲಾಗಿ ಕೂತು ಪರದೆಯ ಬಗ್ಗೆಯೋ ಏನೋ ಒಟ್ಟಿಗೇ ಕೈಯಾಡಿಸುತ್ತಿದ್ದರು. ಅಷ್ಟೊಂದು ಕೈಗಳು ಆಡುವುದನ್ನು ಕಂಡು ಜವಾನನಿಗೆ ಏನನ್ನಿಸಿತೋ, ಸ್ಟೂಲಿನ ಮೇಲಿಂದಲೇ “ಏಯ್, ಗಲಾಟೆ ಮಾಡ್ಬೇಡ್ರಿ!” ಎಂದು ಕೂಗಿದ. ಕೋಣೆಯಲ್ಲಿ ಅವನೊಬ್ಬನದೇ ಸದ್ದು. ದುಭಾಷಿ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಅದನ್ನೂ ಕೈಯಲ್ಲಿ ಹೇಳಿದಳು. ಇಡೀ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು, ತಮ್ಮನೂ ಕಟಕಟೆಯಲ್ಲಿ ನಿಂತೇ ನಕ್ಕ. ಅವಳಿಗೆ ನಾಚಿಕೆಯಾಯಿತು. ಅವನು ಹೊರಗೆ ಹಲ್ಲು ಬಿಟ್ಟು ನಗುವಾಗ ಬರುವ ಆ ಒಡಕು ದನಿಗೆ, ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ, ಚಿಕ್ಕಂದಿನಿಂದಲೂ ಅವಳು ಅವನ ಮೊಣಕೈ ಒತ್ತಿ ಹಿಡಿಯುತ್ತಿದ್ದಳು. ಈಗ ಒತ್ತಲು ಕೈ ಎಟುಕುವಂತಿರಲಿಲ್ಲ.

“ಈ ಅರ್ಜಿ ಯಾತಕ್ಕೆ ಅಂತ ಅವರಿಗೆ ಗೊತ್ತಾ, ಕೇಳಿ” ಎಂದು ಅವಳ ವಕೀಲ ದುಭಾಷಿಯ ಕಡೆ ತಿರುಗಿ ಶುರುಮಾಡಿದ. ನ್ಯಾಯಾಧೀಶರು ತಡೆದರು. “ಅವರಿಗೆ ಅಂತ ಯಾಕ್ರೀ? ನಿಮಗೆ ಅಂತ ಅವರನ್ನ ನೋಡ್ಕೊಂಡೇ ಕೇಳಿ. ಅವರು ಇಲ್ಲೇ ಇದಾರಲ್ಲ.” ವಕೀಲ ಗಂಟಲು ಸರಿಮಾಡಿಕೊಂಡು, ತಮ್ಮನ ಕಡೆ ಅರ್ಧ ತಿರುಗಿ, ಅದೇ ಪ್ರಶ್ನೆಯನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಕೇಳಿದ. ತಮ್ಮ ದುಭಾಷಿಯ ಕೈಗಳನ್ನು ನೋಡಿದ, ತಲೆದೂಗಿದ, ಹೇಳತೊಡಗಿದ. ದುಭಾಷಿಯ ದನಿ ಸ್ವಲ್ಪ ಒಣಗಿದಂತಿತ್ತು:

“ಗೊತ್ತು. ನಾನು ದಡ್ಡ ಅಂತ ಒಂದು ಕಾಗದ ಬೇಕಂತೆ. ಬೇರೆಯವರಿಗೆ ಆ ಮಾತನ್ನ ಜನ ಪುಕ್ಕಟೆ ಹೇಳ್ತಾರೆ. ನನಗೊಬ್ಬನಿಗೆ ಕೋರ್ಟಿಂದ ಮುದ್ರೆ ಒತ್ತಿಸಿ ಕೊಡ್ತಾರಂತೆ.”

ಮುಂದಿನ ಬೆಂಚು ಮೊದಲೇ ನಕ್ಕಾಗಿತ್ತು. ದುಭಾಷಿ ಬಾಯಿಬಿಟ್ಟ ಮೇಲೆ ಹಿಂದಿನ ಸಾಲಿನ ವಕೀಲರು ನಕ್ಕರು, ಗುಮಾಸ್ತ ನಕ್ಕ, ನ್ಯಾಯಾಧೀಶರ ತುಟಿಯೂ ಒಂದಿಷ್ಟು ಸಡಿಲಗೊಂಡಿತು. ಅವಳೊಬ್ಬಳು ನಗಲಿಲ್ಲ. ಈ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದಳು. ಅವಳು ಬಲ್ಲ ತಮ್ಮನಿಗೆ ಊಟ, ಹೊಟ್ಟೆನೋವು, ಬೇಗ ಬಾ, ಚಳಿ, ಅಂಗಡಿ ರಜೆ, ಇಂಥವು ಗೊತ್ತು. ಅಡುಗೆಮನೆಯ ನೆಲದ ಮೇಲೆ ಕೂತು, ಅವನು ಇನ್ನೂ ಅಂಬೆಗಾಲಿಡುತ್ತಿದ್ದಾಗ, ತಾನೂ ಅಮ್ಮನೂ ಕಟ್ಟಿದ ಸನ್ನೆಗಳು ಅವು. ಹಾಲಿಗೆ ಒಂದು, ಬೆಕ್ಕಿಗೆ ಒಂದು, ಅಪ್ಪನಿಗೆ ಮೀಸೆ. ಆಮೇಲೆ ಅವನನ್ನು ಕಿವುಡರ ಶಾಲೆಯ ಹಾಸ್ಟೆಲಿಗೆ ಸೇರಿಸಿದರು. ರಜೆಗೆ ಬಂದಾಗ ಅವನ ಬೆರಳುಗಳು ಏನೇನೋ ಹೊಸದಾಗಿ ಓಡಾಡುತ್ತಿದ್ದವು. ಅವಳಿಗೆ ಪರೀಕ್ಷೆ, ಆಮೇಲೆ ಕೆಲಸ. ಅವನೂ ಎರಡು ದಿನದಲ್ಲಿ ಹಳೆಯ ಸನ್ನೆಗಳಿಗೇ ಮರಳುತ್ತಿದ್ದ. ಇಷ್ಟೆಲ್ಲ ಅವನಿಗೆ ಎಲ್ಲಿ ಬರಬೇಕು? ವಕೀಲನ ಕಿವಿಯ ಹತ್ತಿರ ಬಾಗಿ ಹೇಳಿದಳು: “ಸರ್, ಇದು ಅವನು ಹೇಳಿದ್ದಲ್ಲ. ಆ ಹುಡುಗಿ ತಾನೇ ಸೇರಿಸಿ ಹೇಳ್ತಿದಾಳೆ. ಅವನಿಗೆ ಇಷ್ಟೊಂದು ಬರಲ್ಲ.”

ವಕೀಲನಿಗೆ ಅಷ್ಟೇ ಸಾಕಾಗಿತ್ತು. ಎದ್ದು ನಿಂತು, ತನ್ನ ಕಕ್ಷಿದಾರರು ಪ್ರತಿವಾದಿಯ ಮಾತನ್ನು ಹುಟ್ಟಿದಾಗಿನಿಂದ ಬಲ್ಲವರೆಂದೂ, ಅವರ ಪ್ರಕಾರ ಪ್ರತಿವಾದಿಗೆ ಇಷ್ಟು ಮಾತು ಬರುವುದಿಲ್ಲವೆಂದೂ, ದುಭಾಷಿ ತಾವಾಗಿಯೇ ಮಸಾಲೆ ಹಚ್ಚುತ್ತಿದ್ದಾರೆಂದೂ ಒಂದೇ ಉಸಿರಿಗೆ ಹೇಳಿಬಿಟ್ಟ. ಪಿಸುಗುಟ್ಟಿದ ಮಾತು ಹೀಗೆ ಇಡೀ ಕೋಣೆಗೆ ಬೀಳುತ್ತದೆಂದು ಅವಳು ಎಣಿಸಿರಲಿಲ್ಲ. ದುಭಾಷಿ ಅದನ್ನೂ, ತನ್ನ ಮೇಲಿನ ದೂರನ್ನೂ, ಒಂದು ಮಾತೂ ಬಿಡದೆ ತಮ್ಮನಿಗೆ ಕೈಯಲ್ಲಿ ದಾಟಿಸುತ್ತಿದ್ದಳು. ನ್ಯಾಯಾಧೀಶರು ಮೂಲೆಯ ಕುರ್ಚಿಯ ಕಡೆ ನೋಡಿದರು. ಅಲ್ಲಿ ಇನ್ನೊಬ್ಬ ದುಭಾಷಿ, ವಯಸ್ಸಾದವರು, ಇವಳ ಕೈ ಸೋತಾಗ ಮುಂದುವರಿಸಲು ಕಾಯುತ್ತಿದ್ದರು. “ನೀವು ನೋಡ್ತಿದ್ರಲ್ಲ, ಏನಾದ್ರೂ ಹೆಚ್ಚು ಸೇರಿದೆಯಾ?” ಅವರು ಎದ್ದು, “ಒಂದಕ್ಷರ ಹೆಚ್ಚಿಲ್ಲ ಸ್ವಾಮಿ. ಕಡಿಮೆಯೇ ಅನ್ನಬೇಕು. ಆ ಮುದ್ರೆ ಒತ್ತೋದನ್ನ ಅವರು ತೋರಿಸಿದ ಸೊಗಸು ಬಾಯಿಮಾತಲ್ಲಿ ತರೋಕಾಗಲ್ಲ” ಎಂದು ಕೂತರು.

ತಮ್ಮ ಈಗ ಅವಳನ್ನೇ ನೋಡುತ್ತಿದ್ದ. ಸಿಟ್ಟಿನ ನೋಟವಲ್ಲ, ಅಂಗಡಿಯಲ್ಲಿ ಗಾಜನ್ನು ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ತಿರುಗಿಸಿ ನೋಡುತ್ತಾನಲ್ಲ, ಹಾಗೆ. ನ್ಯಾಯಾಧೀಶರ ಅಪ್ಪಣೆ ಕೇಳಿ, ಹೇಳಿದ:

“ಅಕ್ಕ ಹೇಳಿದ್ದು ಅವಳ ಮಟ್ಟಿಗೆ ನಿಜ. ಮನೆಯಲ್ಲಿ ನಾನು ಅಷ್ಟೇ ಮಾತಾಡೋದು. ಅವಳ ಜೊತೆ ಮಾತಾಡುವಾಗ ಚಿಕ್ಕ ಮಕ್ಕಳ ಜೊತೆ ಮಾತಾಡೋ ಹಾಗೆ ಮಾತಾಡ್ತೀನಿ. ನಿಧಾನಕ್ಕೆ, ಸುಲಭದ್ದನ್ನ. ಅವಳಿಗೆ ಅಷ್ಟೇ ಬರೋದು.”

ಈ ಸಲ ಯಾರೂ ನಗಲಿಲ್ಲ. ಅವಳು ಬ್ಯಾಗಿನ ಜಿಪ್ಪನ್ನು ಸ್ವಲ್ಪ ತೆಗೆದು ಮತ್ತೆ ಹಾಕಿದಳು. ಆಫೀಸಿನಲ್ಲಿ ಅವಳ ಕೆಲಸ ದಪ್ಪ ದಪ್ಪ ಫೈಲುಗಳನ್ನು ಓದಿ ಮೇಲಧಿಕಾರಿಗೆ ಸಾರಾಂಶ ಬರೆದು ಕೊಡುವುದು. “ನಿಮ್ಮ ಹಾಗೆ ಚಿಕ್ಕದಾಗಿ ಹೇಳೋರು ಇನ್ನೊಬ್ಬರಿಲ್ಲ ಬಿಡಿ” ಎಂದು ಅವರು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದಾಗ ಅವಳಿಗೆ ಒಳಗೊಳಗೇ ಹಿಗ್ಗು. ರಸ್ತೆ ಅಗಲ ಮಾಡುವುದರ ವಿರುದ್ಧ ಜನ ಬರೆದುಕೊಟ್ಟ ತಕರಾರುಗಳು, ಯಾರದೋ ಅಂಗಡಿ, ಯಾರದೋ ತಾಯಿ ನೆಟ್ಟ ಮರ, ಎಲ್ಲವೂ ಅವಳ ಕೈಯಲ್ಲಿ ‘ಕೆಲವು ಆಕ್ಷೇಪಣೆಗಳು ಬಂದಿವೆ’ ಆಗುತ್ತಿದ್ದವು. ತಪ್ಪೇನಿತ್ತು ಅದರಲ್ಲಿ? ಎಲ್ಲವನ್ನೂ ಓದುವ ಪುರುಸೊತ್ತು ಯಾರಿಗಿದೆ? ಮದುವೆ ಮನೆಯಲ್ಲಿ ಎಲ್ಲರೂ ನಕ್ಕಾಗ ತಮ್ಮ ತೋಳು ಮುಟ್ಟಿ ಏನೆಂದು ಕೇಳಿದರೆ ಅವಳು ಅಂಗೈ ಮಗುಚುತ್ತಿದ್ದಳು: ಏನಿಲ್ಲ, ಆಮೇಲೆ. ಆಮೇಲೆ ಹೇಳುವಷ್ಟರಲ್ಲಿ ಅದು ಅವಳಿಗೂ ಮರೆತಿರುತ್ತಿತ್ತು. ನಿಜಕ್ಕೂ ಹೇಳುವಂಥದ್ದೇನೂ ಇರುತ್ತಿರಲಿಲ್ಲ ಎಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲಳು.

ವಕೀಲ ಪ್ರಶ್ನೆ ಬದಲಾಯಿಸಿದ. “ನಿಮ್ಮ ಅಕ್ಕ ನಿಮಗೆ ಯಾವತ್ತಾದ್ರೂ ಕೆಟ್ಟದ್ದು ಮಾಡಿದಾರಾ?”

“ಇಲ್ಲ.”

“ಸುಳ್ಳು ಹೇಳಿದಾರಾ?”

ತಮ್ಮ ಸ್ವಲ್ಪ ಹೊತ್ತು ಕೈಗಳನ್ನು ಕಟಕಟೆಯ ಅಂಚಿನ ಮೇಲಿಟ್ಟುಕೊಂಡು ನಿಂತ. ಆಮೇಲೆ ಹೇಳತೊಡಗಿದಾಗ ಅವನ ಕೈಗಳು ಮೊದಲಿನಷ್ಟು ದೊಡ್ಡದಾಗಿ ಓಡಾಡಲಿಲ್ಲ, ಎದೆಯ ಹತ್ತಿರದಲ್ಲೇ ಆಡಿದವು. ದುಭಾಷಿಯ ದನಿಯೂ ತಗ್ಗಿತು. “ಅಮ್ಮ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದರು. ಅವರ ಬಾಯಿ ತುಂಬಾ ಹೊತ್ತು ಆಡ್ತಾನೇ ಇತ್ತು. ನಾನು ಅಕ್ಕನ ಮುಖ ನೋಡ್ತಿದ್ದೆ. ಆ ಮುಖ ಬದಲಾಯಿತು. ಡಾಕ್ಟರು ಹೋದ ಮೇಲೆ ಅಕ್ಕ ನನಗೆ ಹೇಳಿದ್ದು ಇಷ್ಟು: ಪರವಾಗಿಲ್ಲ, ಮನೆಗೆ ಹೋಗು, ಮಲಗು. ಅಕ್ಕ ದೊಡ್ಡವಳು, ಕಿವಿಯಾರೆ ಕೇಳಿಸಿಕೊಂಡವಳು. ನಾನು ಮನೆಗೆ ಹೋದೆ, ಮಲಗಿದೆ. ಮಾರನೇ ದಿನ ಕೆಲಸಕ್ಕೂ ಹೋದೆ. ಅಮ್ಮ ಸಾಯುವಾಗ ನಾನು ಯಾರದೋ ಕನ್ನಡಕಕ್ಕೆ ಗಾಜು ಉಜ್ಜುತ್ತಿದ್ದೆ. ಆ ಗಾಜು ತುಂಬ ಚೆನ್ನಾಗಿ ಬಂತು. ಅಕ್ಕ ಸುಳ್ಳು ಹೇಳಲಿಲ್ಲ. ಚಿಕ್ಕದು ಮಾಡಿದಳು. ಈ ಕಾಗದ ಆಗಿಬಿಟ್ಟರೆ ಇನ್ನು ಮೇಲೆ ಚಿಕ್ಕದು ಮಾಡೋದು ಅವಳ ಹಕ್ಕಾಗತ್ತೆ. ಅದಕ್ಕೇ ಬೇಡ ಅಂತೀನಿ. ಅವಳು ಕೆಟ್ಟವಳು ಅಂತಲ್ಲ.”

ಅವಳು ತಮ್ಮನ ಕೈ ನೋಡುತ್ತಿದ್ದಳೋ ದುಭಾಷಿಯ ಬಾಯಿ ನೋಡುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಆಸ್ಪತ್ರೆಯ ಆ ಪ್ಯಾಸೇಜಿನಲ್ಲಿ ನೆಲ ಒರೆಸಿದ ಫಿನಾಯಿಲ್ ಇನ್ನೂ ಆರಿರಲಿಲ್ಲ. ಡಾಕ್ಟರು, ಮೂತ್ರಪಿಂಡ ಕೈಕೊಟ್ಟಿದೆ, ಇನ್ನು ನೋವು ಕಾಣದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರೋದು, ನೋಡಬೇಕಾದವರಿದ್ದರೆ ಕರೆಸಿ ಎಂದಿದ್ದರು. ನೋಡಬೇಕಾದವನು ಪಕ್ಕದಲ್ಲೇ ನಿಂತಿದ್ದ. ಅವನು ಹೆದರದಿರಲಿ ಎಂದು ಹಾಗೆ ಹೇಳಿದೆ ಎಂದು ಇದುವರೆಗೆ ತನಗೆ ತಾನೇ ಹೇಳಿಕೊಂಡಿದ್ದಳು, ನಂಬಿಯೂ ಇದ್ದಳು. ಆದರೆ ಮೂತ್ರಪಿಂಡಕ್ಕೆ ಅವಳಲ್ಲಿ ಸನ್ನೆಯಿರಲಿಲ್ಲ. ‘ಇನ್ನು ಆಗುವುದಿಲ್ಲ’ ಎನ್ನುವುದಕ್ಕೆ ಇದ್ದದ್ದು ಹಾಲು ಮುಗಿದಾಗ ಮಾಡುವ ಸನ್ನೆ. ಅದನ್ನು ಅಮ್ಮನಿಗೆ ಹೇಗೆ ಮಾಡುವುದು? ಮಾಡಿದ ಮೇಲೆ ಅವನ ಮುಖವನ್ನು ಅವಳೊಬ್ಬಳೇ ನಿಂತು ನೋಡಬೇಕಿತ್ತು. ಅವಳಿಗೆ ಸುಸ್ತಾಗಿತ್ತು. ಹೆಬ್ಬೆರಳು ಎತ್ತಿ ತೋರಿಸಿದ್ದಳು. ಅಷ್ಟು ಸುಲಭ ಇತ್ತು ಅದು.

“ಇನ್ನೇನಾದ್ರೂ ಕೇಳೋದಿದೆಯಾ?” ಎಂದು ನ್ಯಾಯಾಧೀಶರು ಕೇಳುತ್ತಿದ್ದರು. ವಕೀಲ, ಒಂದೆರಡು ಪ್ರಶ್ನೆ ಇದೆ ಸ್ವಾಮಿ, ಎಂದು ಹಾಳೆ ತಿರುವಿದ. ಅವಳು ಎದ್ದು ನಿಂತಳು. ಏನೋ ಹೇಳಿದಳು, ಅವಳ ಕಿವಿಗೇ ಸರಿಯಾಗಿ ಬೀಳಲಿಲ್ಲ. ದುಭಾಷಿ ಅವಳ ಕಡೆ ತಿರುಗಿ, ಮೆತ್ತಗೆ, “ಸ್ವಲ್ಪ ಗಟ್ಟಿಯಾಗಿ ಹೇಳಿ, ನಾನು ಅವರಿಗೆ ಹೇಳ್ಬೇಕು” ಎಂದಳು.

“ಈ ಅರ್ಜಿ ನನಗೆ ಬೇಡ ಸ್ವಾಮಿ. ವಾಪಸು ತಗೋತೀನಿ.”

“ಮೇಡಂ, ಒಂದ್ನಿಮಿಷ...” ಎಂದು ವಕೀಲ ಅವಳ ತೋಳಿನ ಹತ್ತಿರ ಕೈ ತಂದ.

“ಯೋಚನೆ ಮಾಡಿ ಹೇಳ್ತಿದೀರಾ?” ಎಂದರು ನ್ಯಾಯಾಧೀಶರು. ಅವಳು ಹೌದೆಂದಳು. ಹೌದು ಎನ್ನುವ ಆ ಒಂದು ಮಾತನ್ನು ದುಭಾಷಿಯ ಮುಷ್ಟಿ ಗಾಳಿಯಲ್ಲಿ ತಲೆದೂಗಿದಂತೆ ಬಾಗಿ ಹೇಳುವುದನ್ನು ನೋಡಿದಳು. ನ್ಯಾಯಾಧೀಶರು ಬರೆಸಿದರು, ಬೆರಳಚ್ಚಿನವಳು ಟೈಪ್ ಮಾಡಿದಳು, ಗುಮಾಸ್ತ ಮುಂದಿನ ಕೇಸಿನ ಕಟ್ಟಿನ ದಾರ ಬಿಚ್ಚತೊಡಗಿದ. ಅರ್ಜಿ ಇಲ್ಲವಾಯಿತು.

ಹೊರಗಿನ ಜಗಲಿಯಲ್ಲಿ ಗೆಳೆಯರೆಲ್ಲ ತಮ್ಮನನ್ನು ಮುತ್ತಿಕೊಂಡಿದ್ದರು. ಅವನು ಜವಾನ ಸ್ಟೂಲಿನ ಮೇಲೆ ನಿಂತು ಕೂಗಿದ್ದನ್ನು ಇಡೀ ಮೈಯಲ್ಲಿ ಮಾಡಿ ತೋರಿಸುತ್ತಿದ್ದ; ಹೊಟ್ಟೆ ಮುಂದೆ ಮಾಡಿ, ಪರದೆಯನ್ನು ಒಂದು ಕೈಯಲ್ಲಿ ಹಿಡಿದು, ಬೀಳದ ಹಾಗೆ ತಡೆದುಕೊಳ್ಳುತ್ತ. ಅವಳು ಕಂಬದ ಪಕ್ಕ ನಿಂತು ನೋಡಿದಳು. ಅವರು ನಗುತ್ತಿದ್ದದ್ದರಲ್ಲಿ ಕಾಲುಭಾಗ ಅರ್ಥವಾಯಿತು, ಉಳಿದದ್ದು ಆಗಲಿಲ್ಲ. ಯಾರ ತೋಳು ಮುಟ್ಟಿ ಏನೆಂದು ಕೇಳುವುದು? ವಕೀಲ ಹತ್ತಿರ ಬಂದು, “ಗೆಲ್ಲೋ ಕೇಸನ್ನ ಕೈಯಾರೆ ಬಿಟ್ರಿ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ. ದುಭಾಷಿ ಜಗಲಿಯ ಕೊನೆಯ ಬೆಂಚಿನಲ್ಲಿ ಕೂತು, ಬಾಟಲಿಯಿಂದ ನೀರು ಕುಡಿದು, ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸುತ್ತಿದ್ದಳು.

“ನಿಮ್ಮ ಕೆಲಸ ಮುಗೀತಾ?” ಎಂದು ಅವಳು ಕೇಳಿದಳು.

“ಇನ್ನೊಂದು ಕೋಣೆಗೆ ಕರೀಬಹುದು. ಅಲ್ಲೀತನಕ ಇಲ್ಲೇ ಇದೀನಿ. ಯಾಕೆ?”

“ಒಳಗೆ ಆ ಮಾತು ಹೇಳಿದ್ದಕ್ಕೆ...” ಎಂದು ಶುರುಮಾಡಿ ಬಿಟ್ಟಳು. ದುಭಾಷಿ ಬಿಡಿ ಎನ್ನುವ ಹಾಗೆ ತಲೆಯಾಡಿಸಿದಳು. “ನನಗೆ ಅವನ ಹತ್ರ ಸ್ವಲ್ಪ ಮಾತಾಡೋದಿದೆ. ಅಷ್ಟೆಲ್ಲ ಹೇಳೋಕೆ ನನಗೆ ಬರಲ್ಲ. ನೀವು ಹೇಳ್ತೀರಾ?”

ದುಭಾಷಿ ಹೋಗಿ ತಮ್ಮನನ್ನು ಕೇಳಿದಳು. ಅವನು ಗೆಳೆಯರಿಗೆ ಏನೋ ಹೇಳಿ ಬಂದು ಬೆಂಚಿನ ಈ ತುದಿಗೆ ಕೂತ. ಅವಳು ಆ ತುದಿಯಲ್ಲಿ ಅವನ ಕಡೆ ತಿರುಗಿ ಕೂತಳು. ದುಭಾಷಿ ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಭುಜದ ಹಿಂದೆ ಕೂತಳು. “ನನ್ನನ್ನ ನೋಡ್ಬೇಡಿ. ಅವರನ್ನೇ ನೋಡಿ ಮಾತಾಡಿ” ಎಂದಳು. ಎಷ್ಟು ವರ್ಷ ಆಗಿತ್ತು ಹೀಗೆ ಎದುರುಬದುರು ಕೂತು. ಅವನ ಕಣ್ಣ ಕೆಳಗೆ ಅಮ್ಮನಿಗಿದ್ದಂಥದೇ ನೆರಳಿತ್ತು.

“ಡಾಕ್ಟರು ಏನು ಹೇಳಿದ್ರು ಅಂತ ಹೇಳ್ತೀನಿ” ಎಂದಳು. ಹೇಳಿದಳು. ಮೂತ್ರಪಿಂಡ, ನೋವು, ನೋಡಬೇಕಾದವರು. ಫಿನಾಯಿಲಿನ ನೆಲ. ಸುಸ್ತಾಗಿತ್ತು ಎನ್ನುವುದನ್ನೂ. ಅವನ ಕಣ್ಣು ಅವಳ ಭುಜದಾಚೆ ದುಭಾಷಿಯ ಕೈಗೂ ಅವಳ ಮುಖಕ್ಕೂ ಹೋಗಿಬರುತ್ತಿತ್ತು. ಪ್ರತಿಯೊಂದು ಮಾತೂ ಒಂದು ಕ್ಷಣ ತಡವಾಗಿ ಅವನನ್ನು ಮುಟ್ಟುವುದನ್ನು ಅವಳು ನೋಡಬೇಕಾಗಿತ್ತು, ನೋಡಿದಳು.

“ಅಕ್ಕಾ,” ಎಂದಿತು ಬೆನ್ನ ಹಿಂದಿನ ದನಿ. ಹಾಗೆ ಬಾಯಿಬಿಟ್ಟು ಅವಳನ್ನು ಯಾರೂ ಕರೆದಿರಲಿಲ್ಲ. “ಅಮ್ಮ ನನ್ನ ಕೇಳಿದ್ಲಾ?”

ಕೇಳಿದ್ಲು ಎನ್ನುವ ಮಾತು ತುಟಿಗೆ ತಾನಾಗಿಯೇ ಬಂತು. ಹೇಳಿದ್ದರೆ ಅವನು ತಲೆದೂಗುತ್ತಿದ್ದ, ಎಲ್ಲರೂ ಮನೆಗೆ ಹೋಗುತ್ತಿದ್ದರು. “ಇಲ್ಲ” ಎಂದಳು. “ಕೊನೆಗೆ ಅವಳು ಏನೂ ಮಾತಾಡಲಿಲ್ಲ. ಬಾಯಲ್ಲಿ ಒಂದು ಮಾತೂ ಬರಲಿಲ್ಲ.”

ಅವನು ಎದ್ದು ಜಗಲಿಯ ಕಟಾಂಜನದ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಅವಳು ಇನ್ನೇನನ್ನೂ ಹೇಳುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೆನ್ನಿಗೇ ಹೇಳಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು, ಹೆಸರು ಹಿಡಿದು ಕೂಗಬಹುದಿತ್ತು. ಎದ್ದು ಹೋಗಿ ಭುಜ ಮುಟ್ಟಬಹುದು, ಮುಟ್ಟಲಿಲ್ಲ. ಕೆಳಗೆ ಅಂಗಳದಲ್ಲಿ ಯಾರೋ ಸ್ಕೂಟರಿಗೆ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅವನು ತಾನಾಗಿ ತಿರುಗುವವರೆಗೆ ಅವಳು ಕಾದಳು.

ತಿರುಗಿದ. ಅಲ್ಲಿಂದಲೇ ಕೇಳಿದ. “ಸೂಜಿ ಯಾವ ಕೈಗೆ ಹಾಕಿದ್ರು?”

“ಬಲಗೈಗೆ.”

“ಎಡಗೈ?”

“ಎಡಗೈ...” ಎಂದಳು. “ಇರು. ಸರಿಯಾಗಿ ನೆನಪು ಮಾಡ್ಕೋತೀನಿ.”

ಕಣ್ಣು ಮುಚ್ಚಿಕೊಂಡಳು. ಹಸಿರು ಹೊದಿಕೆ, ಅದರ ಅಂಚಿನಲ್ಲಿ ಆಸ್ಪತ್ರೆಯ ಅಚ್ಚು. ಎಡಗೈ ಹೊದಿಕೆಯ ಹೊರಗೇ ಇತ್ತು. ಮಧ್ಯಾಹ್ನ ಅದು ಮೆಲ್ಲಗೆ ಎದ್ದಿತ್ತು. ಎದ್ದು, ಬಹಳ ಕಷ್ಟಪಟ್ಟು ಮುಖದವರೆಗೆ ಬಂದು, ತೋರುಬೆರಳು ಗಲ್ಲದ ಮೇಲೆ ಬಿದ್ದಿತ್ತು. ಮತ್ತೆ ಎತ್ತಿ, ಮತ್ತೆ ಅಲ್ಲೇ. ಅವಳು ಕಣ್ಣು ತೆರೆದು ತಮ್ಮನ ಗಲ್ಲವನ್ನು ನೋಡಿದಳು. ಹುಟ್ಟಿದಾಗಲೇ ಅಲ್ಲೊಂದು ಗುಳಿ. ಅದಕ್ಕೇ ಅವನನ್ನು ಕರೆಯುವಾಗ ಅಮ್ಮ ತನ್ನ ಗಲ್ಲದ ನಡುವೆ ಬೆರಳಿಂದ ಎರಡು ಸಲ ತಟ್ಟಿಕೊಳ್ಳುತ್ತಿದ್ದಳು. ಮನೆಯಲ್ಲಿ ಅದೇ ಅವನ ಹೆಸರು.

ಹಿಂದಿನ ಕುರ್ಚಿಯಲ್ಲಿ ದುಭಾಷಿ ಕಾಯುತ್ತಿದ್ದಳು. ಇದಕ್ಕೆ ದುಭಾಷಿ ಬೇಕಿರಲಿಲ್ಲ. ಅವಳು ತನ್ನ ಎಡಗೈ ಎತ್ತಿದಳು, ಅಮ್ಮ ಎತ್ತಿದಷ್ಟೇ ನಿಧಾನವಾಗಿ, ಗಲ್ಲದ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ತಮ್ಮ ಕದಲದೆ ನೋಡಿದ. ಆಮೇಲೆ ಅವಳು ಬಾಯಲ್ಲೇ ಹೇಳಿದಳು, ದುಭಾಷಿ ಕೈಯಲ್ಲಿ ಹೇಳಿದಳು: “ನಾನು ನೀರು ಕೇಳ್ತಿದಾಳೆ ಅಂದ್ಕೊಂಡೆ. ತುಟಿ ಒಣಗಿದೆ ಅಂತ. ಚಮಚದಲ್ಲಿ ನೀರು ಕೊಟ್ಟೆ.”

ಅವನು ಬಂದು ಅವಳ ಪಕ್ಕದಲ್ಲಿ ಕೂತ. ಆಮೇಲೆ ಹಳೆಯ, ಅಡುಗೆಮನೆಯ ಸನ್ನೆಯಲ್ಲೇ, ನಿಧಾನಕ್ಕೆ, ಅವಳಿಗೆ ಅರ್ಥವಾಗುವ ಹಾಗೆ ಕೇಳಿದ: ಕುಡಿದಳಾ?

ಕುಡಿದಳು, ಎಂದು ಅವಳು ಕೈಯಲ್ಲಿ ಹೇಳಿದಳು. ಸ್ವಲ್ಪ.